ಓಣಿಯ ಕಟ್ಟಕಡೆಯ ನಿರಕ್ಷರಿ

ನಾನು ಕನ್ನಡ ಎಂ.ಎ. ಮೈಸೂರಿನಲ್ಲಿ ಕೆಲಕಾಲ ಪಾಠವನ್ನೂ ಹೇಳಿದವಳು. ಹಾಗಾಗಿ ಮಲಯಾಳಿಗಳ ಊರಾದ ಉಳ್ಳೂರಿನಲ್ಲಿ ನಮ್ಮ ಎದುರುಮನೆಯ, ಓಣಿಗೆಲ್ಲ ಅಕ್ಕನಾದ ಲೀಲಾ ಚೇಚಿ ಬಂದು, "ಮೋಳೇ, ಓಣಿಯಲ್ಲಿ ಸಾಕ್ಷರತಾ ತರಗತಿ ಶುರುವಾಗ್ತಿದೆ. ಇದು ನಮ್ಮೆಲ್ಲರ ಜವಾಬ್ದಾರಿ. ನೀನು ಬರದಿದ್ದರೆ ನಡೆಯೋದೇ ಇಲ್ಲ" ಎಂದಾಗ ನನಗೆ ಆಶ್ಚರ್ಯವಾಗಲಿಲ್ಲ. ಯೋಗ್ಯರನ್ನು ಗುರುತಿಸಲು ತಡವಾಯಿತಲ್ಲ ಎಂದುಕೊಂಡೆ.

ರಾಕೆಟ್ ಕೇಂದ್ರದ ಕೆಲಸ ಮುಗಿಸಿ ಮನೆಗೆ ಬಂದ ಯಜಮಾನರು, "ನಿನಗೆ ಮಲಯಾಳಂ ಮಾತಾಡೋಕೆ ಬರತ್ತೆ, ಓದೋಕೆ ಬರಲ್ವಲ್ಲೇ" ಎಂದರು.

"ಪಾಠ ಮಾಡೋಕೆ ಬರತ್ತಲ್ಲ."

ಅವರು ಲ್ಯಾಪ್‌ಟಾಪ್ ತೆರೆದರು. ನಮ್ಮ ಮನೆಯಲ್ಲಿ ಒಂದು ದಿನದ ಮಾತು ಅಷ್ಟೇ.

ಗಂಜಿ ಹಾಕಿದ ಸೀರೆಯುಟ್ಟು, ಸೀಮೆಸುಣ್ಣದ ಡಬ್ಬಿ ಹಿಡಿದು ವಾಚನಾಲಯಕ್ಕೆ ಹೋದೆ. ನೇರ ಮೇಷ್ಟರ ಕುರ್ಚಿಯಲ್ಲಿ ಕೂತೆ. ಎದುರಿಗೆ ಒಂದು ಖಾಲಿ ಬೆಂಚು. ಗೋಡೆಯುದ್ದಕ್ಕೂ ಓಣಿಯ ಹೆಂಗಸರೆಲ್ಲ ನಿಂತಿದ್ದರು.

"ವಿದ್ಯಾರ್ಥಿಗಳೆಲ್ಲಿ, ಚೇಚಿ?"

ಚೇಚಿ ನನ್ನ ಕೈಯಿಂದ ಡಬ್ಬಿಯನ್ನು ಮೆಲ್ಲಗೆ ಬಿಡಿಸಿಕೊಂಡು ಬೆಂಚು ತೋರಿಸಿದರು. "ಓಣಿಯಲ್ಲಿ ಮಲಯಾಳಂ ಓದಲು ಬಾರದವಳು ನೀನೊಬ್ಬಳೇ, ಮೋಳೇ."

ಓಣಿ ತುಂಬ ಟೀಚರುಗಳು, ವಿದ್ಯಾರ್ಥಿನಿ ಒಬ್ಬಳೇ!

ಅಂದಿನಿಂದ ಸರದಿಯ ಮೇಲೆ ಪಾಠ. ಒಬ್ಬರು ಅಕ್ಷರ ತಿದ್ದಿಸಿದರೆ, ಇನ್ನೊಬ್ಬರು ಬಿಸಿ ಬಾಳೆಹಣ್ಣಿನ ಪಳಂಪೊರಿ ಕರಿದು ತಂದು ತಿನ್ನಿಸಿ ಮಂಡಿನೋವಿನ ಕಥೆ ಹೇಳಿದರು. ಈ ಊರಿಗೆ ಬಂದಮೇಲೆ ಇಷ್ಟು ಜನ ನನ್ನನ್ನು ಮಾತಾಡಿಸಿದ್ದೇ ಇರಲಿಲ್ಲ. ಕಲಿತುಬಿಟ್ಟರೆ ತರಗತಿ ಮುಗಿಯುತ್ತದೆ ಎಂಬುದು ಬೇಗ ಹೊಳೆಯಿತು. ಸಕಲ ವಿದ್ವತ್ತನ್ನೂ ಪಣಕ್ಕಿಟ್ಟು ದಡ್ಡಿಯಾದೆ. ಇಂದು ಬಂದ ಅಕ್ಷರ ನಾಳೆಗೆ ಮರೆತುಹೋಗುತ್ತಿತ್ತು.

"ಎಂ.ಎ. ಅಂತೆ, ಪಾಪ" ಎಂದು ಗೋಡೆ ಬದಿಯಿಂದ ಯಾರೋ ನಿಟ್ಟುಸಿರಿಟ್ಟರು.

ಕೊನೆಗೆ ಪರೀಕ್ಷೆ ಬಂತು. ಖಾಲಿ ಹಾಳೆ ಕೊಟ್ಟು ಸಗೌರವ ಫೇಲಾಗುವುದೆಂದು ತೀರ್ಮಾನಿಸಿದ್ದೆ. ಆದರೆ ಓಣಿಯ ಮಾನದ ಪ್ರಶ್ನೆ! ಒಂದೊಂದು ಕಿಟಕಿಯಿಂದ ಒಂದೊಂದು ಉತ್ತರ ತೂರಿಬಂತು. ಆದರೂ ನಾನು ಪೆನ್ನು ಎತ್ತದಿದ್ದಾಗ ಲೀಲಾ ಚೇಚಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಸೋತುಹೋದೆ. ಬರೆದೆ. ಪಾಸಾದೆ.

ಪಾಯಸ ಹಂಚಿದರು. ಮರುದಿನ ವಾಚನಾಲಯದ ಕೋಣೆಗೆ ಬೀಗ.

ಮೊದಲೆಲ್ಲ ಬಸ್ ಸ್ಟಾಪಿನಲ್ಲಿ "ಇದು ಪಾಳಯಕ್ಕಾ?" ಎಂದು ಕೇಳುತ್ತಿದ್ದೆ. ಉತ್ತರ ಹೇಳಿದವರು ಊರು ಯಾವುದು, ಮಕ್ಕಳೆಷ್ಟು ಎಂದೂ ವಿಚಾರಿಸುತ್ತಿದ್ದರು. ನಿನ್ನೆ ಬಸ್ಸಿನ ಬೋರ್ಡನ್ನು ಸ್ಪಷ್ಟವಾಗಿ ಓದಿಕೊಂಡು, ಆಮೇಲೂ ಪಕ್ಕದಲ್ಲಿದ್ದವರನ್ನು ಕೇಳಿದೆ, "ಇದು ಪಾಳಯಕ್ಕಾ?"

ಹಾಲು ತರಲು ಹೊರಟಿದ್ದ ಲೀಲಾ ಚೇಚಿ ಹಿಂದಿನಿಂದ ಗದರಿದರು. "ನೀನೇ ಓದಿ ಹೇಳು."

ಓದಿ ಹೇಳಿದೆ. ಒಂದೂ ತಪ್ಪಿರಲಿಲ್ಲ. ಚೇಚಿ ಹೆಮ್ಮೆಯಿಂದ ತಲೆಯಾಡಿಸಿ ಹಾಲಿಗೆ ಹೋದರು.

ಸಂಪೂರ್ಣ ಸಾಕ್ಷರಳಾದ ನಾನು ಒಬ್ಬಳೇ ಬಸ್ಸು ಹತ್ತಿದೆ.