ಕಸ ಹುಟ್ಟದ ಮನೆ

“ನಾಳೆಯಿಂದ ನಮ್ಮ ಮನೆಯ ಗೇಟು ದಾಟಿ ಒಂದು ಕಡ್ಡಿ ಕಸವೂ ಹೊರಗೆ ಹೋಗೋದಿಲ್ಲ!” ಎಂದು ಕನ್ನಡಕದ ಅಂಗಡಿಯ ಯಜಮಾನರು ಹಸಿರೂರು ಸಮಿತಿಯ ಸಭೆಯಲ್ಲಿ ಮೇಜು ಗುದ್ದಿ ಸಾರಿದರು. ಗುದ್ದಿದ ರಭಸಕ್ಕೆ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಲೋಟಗಳು ಉರುಳಿಬಿದ್ದವು. ಊರಿನಲ್ಲಿ ಇನ್ನು ಪ್ಲಾಸ್ಟಿಕ್ ಬೇಡವೆಂಬ ನಿರ್ಣಯ ಆಗಷ್ಟೇ ಸರ್ವಾನುಮತದಿಂದ ಪಾಸಾಗಿತ್ತು. ಅದರ ಸಂಭ್ರಮಕ್ಕೆ ಚಹಾ ಕುಡಿದ ಲೋಟಗಳು ಅವು.

ಊರನ್ನು ಹಸಿರು ಮಾಡಲೆಂದೇ ಹುಟ್ಟಿದ ಸಮಿತಿ ಅದು. ಹುಟ್ಟಿದ ಮೇಲೆ ಅದು ಹಸಿರು ಮಾಡಿದ್ದು ಸಭಾಂಗಣದ ಒಂದು ಗೋಡೆಯನ್ನು ಮಾತ್ರ, ಅದೂ ಸುಣ್ಣಬಣ್ಣದವನನ್ನು ಕರೆಸಿ. ಗಿಡ ನೆಡೋಣವೆಂದರೆ ಜಾಗವಿಲ್ಲ, ಜಾಗವಿದ್ದಲ್ಲಿ ನೀರಿಲ್ಲ, ಎರಡೂ ಇದ್ದಲ್ಲಿ ಸಮಿತಿಯವರದ್ದೇ ಯಾರದೋ ಸೈಟು. ತಲೆ ಕೆರೆದುಕೊಂಡ ಅಧ್ಯಕ್ಷರು ಕೊನೆಗೆ ಮೈ ಬಗ್ಗಿಸದ ಉಪಾಯವೊಂದನ್ನು ಹುಡುಕಿದ್ದರು. ಯಾರ ಮನೆಯಿಂದ ಕಸ ಹೊರಬೀಳುವುದಿಲ್ಲವೋ ಆ ಮನೆಗೆ ‘ಕಸ ಹುಟ್ಟದ ಮನೆ’ ಎಂಬ ಬೋರ್ಡು. ಮೊದಲು ಬೋರ್ಡು ಪಡೆದವರಿಗೆ ತಿಂಗಳ ಕೊನೆಯ ಸಮಾರಂಭದಲ್ಲಿ ‘ಹಸಿರು ರಾಯಭಾರಿ’ ಎಂಬ ಪಟ್ಟ.

ಪಟ್ಟವೆಂದ ಕೂಡಲೇ ನಮ್ಮ ಯಜಮಾನರ ಬಾಯಲ್ಲಿ ನೀರೂರಿತು. ಅವರಿಗೆ ಬೇಕಾಗಿದ್ದುದು ಹಸಿರಲ್ಲ, ಹೆಸರು. ‘ಹಸಿರು’ ಎಂದು ಬರೆಯಬೇಕಾದರೆ ಸಕಾರಕ್ಕೊಂದು ಗುಡಿಸು ಬೇಕು. ‘ಹೆಸರು’ ಬರೆಯಲು ಆ ಗುಡಿಸುವ ಕಷ್ಟವೇ ಇಲ್ಲ.

ಮನೆಗೆ ಬಂದು ಸುದ್ದಿ ಹೇಳಿದಾಗ ಹೆಂಡತಿ ಈರುಳ್ಳಿ ಹೆಚ್ಚುತ್ತಿದ್ದಳು. ಪಕ್ಕದಲ್ಲಿ ಹಸಿ ಕಸಕ್ಕೊಂದು, ಒಣ ಕಸಕ್ಕೊಂದು ಬಕೆಟ್ಟು.

“ಹಾಗಾದ್ರೆ ಈ ಸಿಪ್ಪೆ ಎಲ್ಲಿಗೆ ಹಾಕ್ಲಿ?”

“ಹಿತ್ತಲಲ್ಲಿ ಹಾಕಿ ಗೊಬ್ಬರ ಮಾಡಿದ್ರಾಯ್ತು ಕಣೇ.”

“ಯಾರ ಹಿತ್ತಲು? ನಮ್ಮದಕ್ಕೆ ಕಲ್ಲು ಹಾಸಿ ಕಾರು ನಿಲ್ಲಿಸಿದ್ದೀರಲ್ಲ.”

“ಮೊದಲು ಬೋರ್ಡು ಬರ್ಲಿ. ಕಸದ ಮಾತು ಆಮೇಲೆ.”

“ನೀವು ಸಭೇಲಿ ಹೇಳಿದ್ದು ಹಸಿ ಸುಳ್ಳಾ, ಒಣ ಜಂಭನಾ ಅಂತ ಹೇಳ್ಬಿಡಿ. ಯಾವ ಬಕೆಟ್ಟಿಗೆ ಹಾಕ್ಬೇಕು ಅಂತ ಗೊತ್ತಾಗ್ಬೇಕಲ್ಲ.”

ಬೋರ್ಡು ಬಂತು. ಅಧ್ಯಕ್ಷರೇ ಸ್ವಹಸ್ತದಿಂದ ಮೊಳೆ ಹೊಡೆದರು, ಫೋಟೋ ತೆಗೆಸಿಕೊಂಡರು, ಮೊಳೆಯ ಖಾಲಿ ಪೊಟ್ಟಣವನ್ನು ಗೇಟಿನ ಬುಡದಲ್ಲೇ ಎಸೆದು ಹೋದರು. ಮರುದಿನ ಬೆಳಿಗ್ಗೆ ಕಸದ ಗಾಡಿ ಹಾಡು ಹಾಕಿಕೊಂಡು ಬೀದಿಗೆ ಬಂದು ಎಲ್ಲರ ಮನೆಯ ಮುಂದೂ ನಿಂತಿತು. ಯಜಮಾನರ ಮನೆಯ ಮುಂದೆ ಮಾತ್ರ ನಿಲ್ಲದೆ ಹೋಯಿತು. ಅವರು ಬಕೆಟ್ಟು ಹಿಡಿದು ಲುಂಗಿಯಲ್ಲೇ ಹಿಂದೆ ಓಡಿದರು.

“ಏನಮ್ಮ, ನಮ್ಮನೆ ಬಿಟ್ಟೇಬಿಟ್ಟೆ?”

ಗಾಡಿಯಾಕೆ ಬೋರ್ಡಿನತ್ತ ಬೊಟ್ಟು ಮಾಡಿದಳು. “ನಿಮ್ಮನೇಲಿ ಕಸ ಹುಟ್ಟಲ್ವಂತಲ್ಲ ಸಾರ್.”

“ಅದು... ಒಂಚೂರು ಹುಟ್ಟುತ್ತೆ.”

“ಹಾಗಾದ್ರೆ ಬೋರ್ಡು ತೆಗೀರಿ, ಈಗ್ಲೇ ತಗೋತೀನಿ. ಬೋರ್ಡಿರೋ ಮನೆ ಕಸ ಮುಟ್ಟಿದ್ರೆ ನನ್ನ ಕೆಲಸ ಹೋಗುತ್ತೆ.”

ಬೋರ್ಡು ಹೋದರೆ ಪಟ್ಟ ಹೋಯಿತು. ಯಜಮಾನರು ಬಕೆಟ್ಟನ್ನು ಮನೆಗೆ ವಾಪಸು ತಂದರು.

ಆಮೇಲೆ ಶುರುವಾಯಿತು ನೋಡಿ ಮೆರವಣಿಗೆ. ಕಸ ಮೊದಲು ಅಡುಗೆಮನೆಯ ಮೂಲೆ ಹಿಡಿಯಿತು, ಅಲ್ಲಿಂದ ಬಚ್ಚಲಿಗೆ ಹೋಯಿತು, ಬಚ್ಚಲು ತುಂಬಿದ ಮೇಲೆ ಮಂಚದ ಕೆಳಗೆ ಸೇರಿತು. ಯಜಮಾನರು ಊದುಬತ್ತಿ ಹಚ್ಚಿದರು. ನಾತ ಊದುಬತ್ತಿಯ ಜೊತೆ ರಾಜಿ ಮಾಡಿಕೊಂಡು ಮೂರನೆಯದೊಂದು ವಾಸನೆಯಾಯಿತು. ಬೇರೆ ದಾರಿ ಕಾಣದೆ ಅವರು ಊಟದ ಕ್ಯಾರಿಯರ್‌ನ ಮೇಲಿನ ಡಬ್ಬಿಯಲ್ಲಿ ಊಟ, ಕೆಳಗಿನ ಡಬ್ಬಿಗಳಲ್ಲಿ ಸಿಪ್ಪೆ ತುಂಬಿಕೊಂಡು ಅಂಗಡಿಗೆ ಸಾಗಿಸತೊಡಗಿದರು. ಅಂಗಡಿಯ ಮೇಲೆ ಬೋರ್ಡಿರಲಿಲ್ಲವಲ್ಲ.

ಕಣ್ಣು ತೋರಿಸಲು ಬಂದ ಗಿರಾಕಿಯೊಬ್ಬನ ದೃಷ್ಟಿ ಗೋಡೆಯ ಅಕ್ಷರಗಳ ಮೇಲೆ ಬೀಳದೆ ಕಸದ ಬುಟ್ಟಿಯ ಮೇಲೆ ಬಿತ್ತು.

“ಏನ್ ಸಾರ್, ಕನ್ನಡಕದ ಅಂಗಡೀಲಿ ಈರುಳ್ಳಿ ಸಿಪ್ಪೆ?”

“ಅದಾ... ಕಣ್ಣೀರಿನ ಪರೀಕ್ಷೆಗೆ.”

ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ಈ ಸುಳ್ಳಿಗೆ ಬಸ್ಸಿನ ಚಕ್ರವಿತ್ತು. ಮರುದಿನ ಅಂಗಡಿ ತೆರೆಯುವ ಮೊದಲೇ ಜನ ಬೆಂಚಿನ ಮೇಲೆ ಕೂತಿದ್ದರು. “ನಮಗೂ ಕಣ್ಣೀರು ಟೆಸ್ಟ್ ಮಾಡಿ.” ಒಬ್ಬಾಕೆ ಮನೆಯಿಂದಲೇ ಈರುಳ್ಳಿ ತಂದಿದ್ದಳು. ಯಜಮಾನರು ಇಡೀ ಬೆಳಿಗ್ಗೆ ಈರುಳ್ಳಿ ಹೆಚ್ಚಿ, ಗಿರಾಕಿಗಳಿಗಿಂತ ಹೆಚ್ಚು ತಾವೇ ಅತ್ತರು. ಅಂಗಡಿಯ ಬುಟ್ಟಿ ತುಂಬಿ ತುಳುಕಿ, ಸಂಜೆ ಕ್ಯಾರಿಯರ್ ತುಂಬ ಸಿಪ್ಪೆ ಮನೆಗೇ ಮರಳಿತು.

ಇತ್ತ ಬೀದಿಯವರ ಹೊಟ್ಟೆಗೆ ಕಿಚ್ಚು ಬಿದ್ದಿತ್ತು. ಎದುರುಮನೆಯ ಔಷಧಿ ಅಂಗಡಿಯವರು ಬೋರ್ಡು ಹಾಕಿಸಿಕೊಂಡರು. ಅವರನ್ನು ನೋಡಿ ಪಕ್ಕದವರು, ಪಕ್ಕದವರನ್ನು ನೋಡಿ ಹಿಂದಿನ ಬೀದಿಯವರು. ಊರಿಗೆ ಊರೇ ಕಸ ಹುಟ್ಟದ ಊರಾಯಿತು. ಕಸದ ಗಾಡಿ ಖಾಲಿ ಹೊಟ್ಟೆಯಲ್ಲಿ ಹಾಡು ಹೇಳಿಕೊಂಡು ಸುತ್ತತೊಡಗಿತು. ಗಾಡಿ ಖಾಲಿಯಿರುವುದೇ ಊರು ಹಸಿರಾದದ್ದಕ್ಕೆ ಸಾಕ್ಷಿ ಎಂದು ಅಧ್ಯಕ್ಷರು ಭಾಷಣ ಮಾಡಿದರು. ಚಪ್ಪಾಳೆ ತಟ್ಟಿದವರೆಲ್ಲರ ಮನೆಯಲ್ಲೂ ಮಂಚದ ಕೆಳಗೆ ಏನಿದೆಯೆಂದು ಒಬ್ಬನೂ ಕೇಳಲಿಲ್ಲ. ಕೇಳುವ ಮುಖ ಯಾರಿಗಿತ್ತು?

ಸಮಾರಂಭಕ್ಕೆ ಒಂದೇ ದಿನ ಉಳಿದಾಗ ಹೆಂಡತಿ ಒಲೆ ಹಚ್ಚಲಿಲ್ಲ.

“ಅಡುಗೆ?” ಎಂದರು ಯಜಮಾನರು.

“ಅಡುಗೆ ಮಾಡಿದ್ರೆ ಸಿಪ್ಪೆ ಬರುತ್ತೆ, ಉಂಡ್ರೆ ಎಂಜಲು ಉಳಿಯುತ್ತೆ. ರಾಯಭಾರಿಗಳ ಮನೇಲಿ ಅದೆಲ್ಲ ಶೋಭಿಸುತ್ತಾ?”

“ಇವತ್ತೊಂದು ದಿನ ತಡ್ಕೊಳ್ಳೇ. ನಾಳೆ ಪಟ್ಟ.”

“ಪಟ್ಟನ ತಟ್ಟೇಲಿ ಹಾಕ್ಕೊಂಡು ಉಣ್ಣಿ.” ಮಂಚದ ಕೆಳಗಿನ ದೊಡ್ಡ ಚೀಲವನ್ನು ಅವಳು ಅವರ ಕಾಲ ಬಳಿ ದೂಡಿದಳು. “ನನಗೂ ಉಸಿರು ಅನ್ನೋದಿದೆ ಕಣ್ರೀ. ಇದನ್ನ ಎಲ್ಲಾದ್ರೂ ಹಾಕಿ ಬನ್ನಿ. ಹಾಕದೆ ಮಾತ್ರ ಮನೆಗೆ ಕಾಲಿಡ್ಬೇಡಿ.”

ಹೊಟ್ಟೆಯ ಮುಂದೆ ಯಾವ ಪಟ್ಟ? ಯಜಮಾನರು ಬೂಟು ಹಾಕಿ, ಟೋಪಿ ಇಟ್ಟು, ಚೀಲವನ್ನು ಹೆಗಲಿಗೇರಿಸಿ, ವಾಕಿಂಗ್ ಹೊರಟವರಂತೆ ಊರಾಚೆಯ ಕೆರೆಯತ್ತ ನಡೆದರು. ದಂಡೆಯ ಪೊದೆ ಸರಿಸಿದರೆ ಅಲ್ಲಿ ಔಷಧಿ ಅಂಗಡಿಯವರು, ಅವರ ಹೆಗಲಲ್ಲೂ ಚೀಲ.

“ವಾಕಿಂಗಾ?”

“ಹ್ಞೂಂ, ವಾಕಿಂಗು.”

“ಚೀಲ?”

“ಭಾರ ಹೊತ್ತು ನಡೆದ್ರೆ ಶುಗರ್ ಇಳಿಯುತ್ತಂತೆ.”

ಆಚೆ ಪೊದೆಯಲ್ಲಿ ಹಿಂದಿನ ಬೀದಿಯವರು ಶುಗರ್ ಇಳಿಸುತ್ತಿದ್ದರು. ಅದರಾಚೆ ಅಧ್ಯಕ್ಷರು ಎರಡು ಚೀಲ ಹೊತ್ತಿದ್ದರು; ಅವರದು ದೊಡ್ಡ ಸಂಸಾರ. ನೀರಿನಂಚಿನಲ್ಲಿ ಹಳೆಯ ಚೀಲಗಳು ಆಗಲೇ ಗುಡ್ಡೆಯಾಗಿದ್ದವು. ಅಲ್ಲಿದ್ದ ಅರ್ಧ ಜನರ ಮೂಗಿನ ಮೇಲಿದ್ದುದು ನಮ್ಮ ಯಜಮಾನರೇ ಕೊಟ್ಟ ಕನ್ನಡಕ. ಆದರೂ ಆ ಬೆಳಿಗ್ಗೆ ಯಾರ ಕಣ್ಣಿಗೂ ಯಾರೂ ಕಾಣಲಿಲ್ಲ.

ಕಂಡದ್ದು ಪತ್ರಿಕೆಯವನಿಗೆ. ಹಸಿರೂರಿನ ಬಗ್ಗೆ ಬರೆಯಲು ಕೆರೆಯ ಕೊಕ್ಕರೆಗಳ ಫೋಟೋ ಬೇಕಾಗಿ ಬಂದಿದ್ದವನು, ಕೊಕ್ಕರೆಗಳ ಬದಲು ಸಮಿತಿಯೇ ಸಾಲಾಗಿ ನಿಂತಿದ್ದು ನೋಡಿ ಕ್ಯಾಮೆರಾ ಎತ್ತಿದ.

“ಏನಿದೆಲ್ಲ ಸಾರ್?”

ಅಧ್ಯಕ್ಷರ ಮುಖ ಒಂದು ಕ್ಷಣ ಬಿಳುಚಿತು. ಮರುಕ್ಷಣ ರಂಗೇರಿತು. ಅಧ್ಯಕ್ಷರಾಗುವವರಿಗೆ ಇರಬೇಕಾದ ಲಜ್ಜೆಗೆಟ್ಟ ಪ್ರತಿಭೆ ಅದು. “ಶ್ರಮದಾನ! ಯಾರೋ ಅನಾಗರಿಕರು ಕೆರೆಗೆ ಕಸ ಹಾಕಿದ್ದಾರೆ. ನಾವು ಎತ್ತೋಕೆ ಬಂದಿದ್ದೀವಿ. ಬಗ್ಗಿ ಎಲ್ಲರೂ!”

ಎಲ್ಲರೂ ಬಗ್ಗಿದರು. ಕದ್ದು ಎಸೆದದ್ದನ್ನೆಲ್ಲ ಹಲ್ಲು ಕಿರಿದು ಎತ್ತಿದರು. ಖಾಲಿ ಗಾಡಿಗೆ ಫೋನು ಹೋಯಿತು, ಗಾಡಿ ಹಾಡುತ್ತ ಬಂತು, ಕಂಠದವರೆಗೆ ತುಂಬಿತು.

“ಇಷ್ಟೂ ಕಸ ಈಗ ಎಲ್ಲಿಗೆ ಹೋಗುತ್ತೆ?” ಪತ್ರಿಕೆಯವನು ಬಿಡುವ ಆಸಾಮಿಯಲ್ಲ.

ಅಧ್ಯಕ್ಷರು ಸುತ್ತ ನೋಡಿ ಯಜಮಾನರ ಹೆಗಲ ಮೇಲೆ ಕೈಯಿಟ್ಟರು. “ಎಲ್ಲಿಗೆ ಅಂದ್ರೆ? ನಮ್ಮ ರಾಯಭಾರಿಗಳ ಮನೆಗೆ. ಎಷ್ಟು ಕಸ ಇದ್ರೂ ಅರಗಿಸಿಕೊಂಡು ಗೊಬ್ಬರ ಮಾಡೋ ಮನೆ ಅದು. ಅಲ್ವಾ ಯಜಮಾನರೇ?”

ಇಲ್ಲವೆಂದರೆ ಬೋರ್ಡು, ಪಟ್ಟ, ಮಾನ ಎಲ್ಲವೂ ಅಲ್ಲೇ ಕೆರೆಯ ಪಾಲು. ಕ್ಯಾಮೆರಾ ಮೂಗಿನ ನೇರಕ್ಕಿತ್ತು. ಯಜಮಾನರು ತಲೆಯಾಡಿಸಿದರು.

ಗಾಡಿ ಮನೆಯ ಮುಂದೆ ಬಂದು ನಿಂತಿತು. ಹಾಡು ಕೇಳಿ ಹೆಂಡತಿ ಗೇಟಿಗೆ ಬಂದಳು. ಗಾಡಿಯ ಮುಂದಿನ ಸೀಟಿನಿಂದ ಯಜಮಾನರು ಇಳಿದರು; ಹಿಂದೆ ಊರಿನ ಕಸ, ಅದರ ಹಿಂದೆ ಕೈ ತೊಳೆದುಕೊಂಡ ಊರು.

“ಅಕ್ಕಾ, ಗೊಬ್ಬರದ ಗುಂಡಿ ಎಲ್ಲಿದೆ?” ಎಂದಳು ಗಾಡಿಯಾಕೆ.

“ತೋಡ್ಕೊಂಡೋರು ನಿನ್ನ ಪಕ್ಕದಲ್ಲೇ ನಿಂತಿದ್ದಾರೆ, ಕೇಳು.” ಹೆಂಡತಿ ಗಾಡಿಯ ಎತ್ತರವನ್ನೊಮ್ಮೆ ಅಳೆದು, ಗಂಡನ ಕಡೆ ತಿರುಗಿದಳು. “ರೀ, ಕಸ ಹಾಕಿ ಬನ್ನಿ ಅಂದೆ. ಹಾಕಿಸ್ಕೊಂಡು ಬನ್ನಿ ಅಂದ್ನಾ?”