ಹಾಡಿನ ಬೀಗಕ್ಕೆ ಗಂಡನ ಹೆಸರು

ನಾದಪೆಟ್ಟಿಗೆ ಆ್ಯಪಿನ ಬೀಗಗಳ ಉಸ್ತುವಾರಿ ಅಧಿಕಾರಿಗಳಿಗೆ,

ಮಾನ್ಯರೇ,

ಬನಹಟ್ಟಿಯ ಮಗ್ಗಗಳ ಸದ್ದು ಅಡ್ಡ ಬಂದರೂ ನನ್ನ ನಮಸ್ಕಾರ ತಮಗೆ ತಲುಪಲಿ. ತಾವು ಮಾರುವ ಹಾಡು ಒಂದು ಫೋನಿನಿಂದ ಇನ್ನೊಂದಕ್ಕೆ ದಾಟಬಾರದೆಂದು ತಾವು ಜಡಿದಿರುವ ಬೀಗ ಎಷ್ಟು ಭದ್ರವೆಂದರೆ, ಕಳ್ಳರಿರಲಿ, ದುಡ್ಡು ಕೊಟ್ಟವರಿಗೂ ಅದು ತೆರೆಯುವುದಿಲ್ಲ. ಇಂಥ ನಿಷ್ಪಕ್ಷಪಾತವನ್ನು ಅಭಿನಂದಿಸಲೆಂದೇ ಈ ಪತ್ರ.

ಪಕ್ಕದ ಮನೆಯ ಮುದಕವ್ವ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತುವವರು. ಅವರ ಗಂಡ ಮಾಳಿಂಗರಾಯ ಡೊಳ್ಳಿನ ಪದ ಹಾಡುತ್ತಿದ್ದರು. ತೀರಿಕೊಂಡು ಎರಡು ವರ್ಷ. ಅವರ ದನಿ ಉಳಿದಿರುವುದು ತಾವು ಮಾರುವ ಹನ್ನೊಂದು ಪದಗಳಲ್ಲಿ ಮಾತ್ರ. ಅವುಗಳ ಕಳ್ಳಪ್ರತಿ ಮೊಬೈಲ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆಂದು ಎಲ್ಲರೂ ಹೇಳಿದರೂ, “ಡೊಳ್ಳು ಬಡದವ್ರ ಹೊಟ್ಟಿ ಮ್ಯಾಲೆ ಬಡಿಬಾರ್ದವ್ವಾ” ಎಂದು ಮುದಕವ್ವ ತಮ್ಮ ಆ್ಯಪಿನಲ್ಲೇ ಕೊಂಡರು.

ಹೋದ ತಿಂಗಳು ಅವರ ಫೋನು ಬಕೆಟ್ಟಿನ ನೀರಿಗೆ ಬಿದ್ದು ಕೆಟ್ಟಿತು. ಹೊಸ ಫೋನಿಗೆ ಹಳೆಯ ನಂಬರನ್ನೇ ಹಾಕಿದರೂ ಹಾಡು ತೆರೆಯಲಿಲ್ಲ. ಕೊಂಡವರು ತಮ್ಮ ಬಾಯಿಂದಲೇ ಗಾಯಕರ ಹೆಸರು ಹೇಳಿದರೆ ಬೀಗ ತೆಗೆಯಲಾಗುವುದೆಂದೂ, ಅದಕ್ಕೆ ಮೂರು ಅವಕಾಶಗಳಿವೆಯೆಂದೂ ತಮ್ಮ ಸಹಾಯವಾಣಿಯ ಯಂತ್ರ ಬಹಳ ವಿನಯದಿಂದ ತಿಳಿಸಿತು.

ಮುದಕವ್ವ ಸೆರಗು ಸರಿಮಾಡಿಕೊಂಡರು. “ಅವ್ರ ಹೆಸರು ಹೆಂಗ ಹೇಳ್ಲೇ ಯವ್ವಾ? ಇದ್ದಾಗ ಹೇಳಿಲ್ಲ, ಈಗ ಫೋನಿಗೆ ಹೇಳ್ಲ್ಯಾ?” ಯಂತ್ರ ಇದನ್ನೇ ಮೊದಲ ತಪ್ಪು ಉತ್ತರವೆಂದು ಬರೆದುಕೊಂಡಿತು. ನಾನು ಹೆಸರು ಹೇಳಿದೆ. ಬೇರೆಯವರ ದನಿಯೆಂದು ಎರಡನೆಯದೂ ಹೋಯಿತು. ಕೊನೆಗೆ ಗಂಡನ ದನಿ ಕೇಳುವ ಆಸೆಗೆ ಮುದಕವ್ವ, ಮದುವೆಯ ದಿನ ಹೇಳಿದ್ದಂತೆ ಒಡಪಿನ ಪ್ರಾಸದಲ್ಲಿ ಕಟ್ಟಿ ಹೆಸರು ಹೇಳಲು ಒಪ್ಪಿದರು. ಒಡಪಿನಲ್ಲಿ ಗಂಡನ ಹೆಸರು ಬರುವುದು ಕೊನೆಯ ಸಾಲಿಗೆ. “ಬನಹಟ್ಟಿ ಸೀರಿಗಿ ಬಂಗಾರದಂಚ…” ಎನ್ನುವಷ್ಟರಲ್ಲಿ, ಬನಹಟ್ಟಿ ಎಂಬ ಗಾಯಕರು ತಮ್ಮಲ್ಲಿಲ್ಲವೆಂದು ಹೇಳಿ ಯಂತ್ರ ಖಾತೆಯನ್ನೇ ಮುಚ್ಚಿತು. ಎಪ್ಪತ್ತರ ಹೆಂಗಸು ನಾಚಿ ತಲೆ ತಗ್ಗಿಸಿದ್ದನ್ನು ಕಾಣುವ ಭಾಗ್ಯ ಅದಕ್ಕಿರಲಿಲ್ಲ.

ಮರುದಿನ ಮಹಾಲಿಂಗಪುರದ ಬಸ್ ನಿಲ್ದಾಣದೆದುರು ದುಂಡೇಶನ ಮೊಬೈಲ್ ಅಂಗಡಿಗೆ ಹೋದೆವು. “ನಮ್ಮ ಮನಿಯವ್ರ ಪದ ಬೇಕಾಗ್ಯಾವಪಾ” ಎಂದರು ಮುದಕವ್ವ. “ಮಾಳಿಂಗರಾಯ ಕಾಕಾನ್ವೇನ್ರಿ ಕಾಕು? ಕುಂದರ್ರಿ, ಹಾಕ್ಕೊಡ್ತೇನಿ” ಎಂದ ದುಂಡೇಶ. ಚಹಾ ಆರುವುದರೊಳಗೆ ಹನ್ನೊಂದೂ ಪದ ಮೆಮೊರಿ ಕಾರ್ಡಿನಲ್ಲಿದ್ದವು.

ಅಲ್ಲಿ ಕೊಟ್ಟ ದುಡ್ಡು ಡೊಳ್ಳು ಬಡಿದವರಿಗೆ ಹೋಗುವುದಿಲ್ಲ. ಅದು ಮುದಕವ್ವನಿಗೂ ಗೊತ್ತು. ಅದಕ್ಕೇ ಈಗ ಗಂಡನ ಪದವನ್ನು ಕದ್ದ ಒಡವೆಯಂತೆ ಸಣ್ಣ ದನಿಯಲ್ಲಿಟ್ಟು ಕೇಳುತ್ತಾರೆ. ಕಳ್ಳಮಾಲನ್ನು ಮುಟ್ಟದಿದ್ದ ಒಬ್ಬರನ್ನು ಆ ಅಂಗಡಿಯ ಮೆಟ್ಟಿಲು ಹತ್ತಿಸಿದ ಕೀರ್ತಿ ಪೂರ್ತಿ ತಮ್ಮದು.

ಆದ್ದರಿಂದ ತಮ್ಮ ಯಂತ್ರಕ್ಕೆ ಒಂದು ಒಡಪು ಮುಗಿಯುವಷ್ಟು ತಾಳ್ಮೆ ದಯಪಾಲಿಸಬೇಕು. ಸಾಧ್ಯವಿಲ್ಲವಾದರೆ ಯಂತ್ರವನ್ನೇ ನಮ್ಮ ಪಕ್ಕದ ರಬಕವಿಯ ಯಾವುದಾದರೂ ಮನೆಗೆ ಸೊಸೆಯಾಗಿ ಕಳಿಸಿಕೊಡಬೇಕು. ವರ್ಷದೊಳಗೆ ಯಾವ ಹೆಸರು ಕೇಳಬಾರದೆಂದು ಕಲಿತು ಬರುತ್ತದೆ.

ಮುಂದಿನ ಫೋನು ಕೆಡುವವರೆಗೆ,
ತಮ್ಮ ವಿಶ್ವಾಸಿ,
ಶೈಲಾ, ಬನಹಟ್ಟಿ

ತಾ.ಕ.: ಈಚೆಗೆ ಮುದಕವ್ವ ತಮ್ಮ ಕಂಪನಿಯ ಹೆಸರನ್ನೂ ಬಾಯಿಂದ ಹೇಳುವುದಿಲ್ಲ. ಅದನ್ನು ಗೌರವವೆಂದು ತಾವು ತಿಳಿಯಬಾರದು.