ಕ್ಲಿವೊನ್‌ನ ಈಲಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಮಾತ್ರೆ. ಹಲಸಿನ ಬೀಜದಷ್ಟು ದಪ್ಪ, ಬಣ್ಣ ಹಸಿರು. ಮಳೆಗಾಲ ಮುಗಿಯುತ್ತಿದ್ದಂತೆ ಪಶುವೈದ್ಯೆ ಪಾಲುಪಿ ಕುದುಸ್ ಪಟ್ಟಣದಿಂದ ಮೋಟಾರು ಸೈಕಲ್ಲಿನಲ್ಲಿ ಬಂದು, ಊರಿನಲ್ಲಿ ಕೋಣ ಸಾಕಿದವರಿಗೆಲ್ಲ ಈ ಜಂತುಹುಳದ ಮಾತ್ರೆ ಹಂಚಿದಳು. ಎಲ್ಲರೂ ಕೈ ಚಾಚಿದರು. ಸಾಗಿಮಿನ್ ಒಬ್ಬ ಕೈ ಹಿಂದೆ ಕಟ್ಟಿಕೊಂಡು ನಿಂತ.

“ಹುಳ ಇರೋ ಕೋಣಕ್ಕೆ ಕೊಡಿ ಡಾಕ್ಟರಮ್ಮ. ನಮ್ಮ ಕ್ಲಿವೊನ್‌ಗೆ ಯಾಕೆ?”

ಅವನ ಜಂಬಕ್ಕೆ ಅರ್ಥ ಇಲ್ಲದೆ ಇರಲಿಲ್ಲ. ಈಲಿ ಹುಳ, ಅಂದರೆ ಲಿವರ್ ಕೊರೆಯುವ ಜಂತು, ಕೋಣದ ಹೊಟ್ಟೆ ಸೇರುವುದು ನೀರಿನ ಬದಿಯ ಹುಲ್ಲಿನಿಂದ. ಅಲ್ಲಿನ ಬಸವನಹುಳುಗಳೇ ಅದರ ತವರುಮನೆ. ಊರಿನವರೆಲ್ಲ ಕಾಲುವೆಯ ಹುಲ್ಲು ಕೊಯ್ದರೆ, ಸಾಗಿಮಿನ್ ದಿನಾ ಸೈಕಲ್ ತುಳಿದು ಮುರಿಯಾ ಬೆಟ್ಟದ ಒಣ ಇಳಿಜಾರಿಗೆ ಹೋಗುತ್ತಿದ್ದ. ಕೋಣ ಎಂದ ಮೇಲೆ ಕೆಸರು ಬೇಕಲ್ಲ, ಅದಕ್ಕೆ ಹಿತ್ತಲಲ್ಲಿ ಗುಂಡಿ ತೋಡಿ ಬಾವಿ ನೀರನ್ನೇ ಸೇದಿ ಹಾಕುತ್ತಿದ್ದ. ನನಗೋಸ್ಕರ ಒಂದು ಬಿಂದಿಗೆ ಸೇದದ ಗಂಡಸು ಕೋಣಕ್ಕೆ ಕೆರೆ ತುಂಬಿಸುತ್ತಾನೆ ಎಂದು ಹೆಂಡತಿ ಲಾಸಿನಾ ಬೇಲಿಯಾಚೆಯವರಿಗೆಲ್ಲ ಹೇಳಿಕೊಂಡಿದ್ದಳು.

ಆ ವರ್ಷದ ಬಕ್ರೀದಿಗೆ ಮಸೀದಿಯವರು ಎರಡು ಕೋಣ ಕೊಂಡಿದ್ದರು. ಒಂದು ಸಾಗಿಮಿನ್ ಸಾಕಿದ ಕ್ಲಿವೊನ್, ಇನ್ನೊಂದು ದಾರ್ಸೊನೊ ಸಾಕಿದ್ದು. ದಾರ್ಸೊನೊ ಪಕ್ಕದ ಮನೆಯವನೇ. ಒಳ್ಳೆಯವನೇ, ಆದರೆ ಸೋಮಾರಿ. ಹುಲ್ಲನ್ನು ಮನೆ ಮುಂದಿನ ಕಾಲುವೆಯಲ್ಲೇ ಕೊಯ್ಯುತ್ತಿದ್ದ. ಕರು ಕಟ್ಟಿದರೂ ಗಂಟು ಬಿಗಿಯುವ ಶ್ರಮ ತೆಗೆದುಕೊಳ್ಳದೆ ಸುಮ್ಮನೆ ಕುಣಿಕೆ ಸಿಕ್ಕಿಸಿ ಬರುತ್ತಿದ್ದ. ಎಳೆದರೆ ಸಾಕು, ಬಿಚ್ಚಿಕೊಳ್ಳುತ್ತಿತ್ತು. ಅವನ ಕರುಗಳು ತಿನ್ನದ ಭತ್ತದ ಗದ್ದೆ ಊರಲ್ಲಿ ಇರಲಿಲ್ಲ.

ಪೊನಿಯೆಮ್‌ಳ ಕಾಫಿ ಅಂಗಡಿಯಲ್ಲಿ ಈ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ನಾನು ಡಾಕ್ಟರಮ್ಮ ಕೊಟ್ಟ ಮಾತ್ರೆ ತೆಗೆದುಕೊಂಡವನು, ನೀನು ಸೊಕ್ಕಿನಿಂದ ಬಿಟ್ಟವನು, ಯಾರ ಕೋಣದ ಈಲಿ ಹೇಗಿದೆ ಅಂತ ಹಬ್ಬದ ದಿನ ಕೊಯ್ದಾಗ ನೋಡೋಣ ಎಂದು ದಾರ್ಸೊನೊ ಕೆಣಕಿದ. ಸಾಗಿಮಿನ್ ಲವಂಗದ ಸಿಗರೇಟನ್ನು ಹೊಸಕಿ ಎದ್ದು ನಿಂತ.

“ಕ್ಲಿವೊನ್ ಈಲಿಯಲ್ಲಿ ಒಂದೇ ಒಂದು ಹುಳ ಸಿಕ್ಕಲಿ, ಜಂತಿನ ಔಷಧ ನಾನು ಕುಡೀತೀನಿ. ಮಸೀದಿ ಅಂಗಳದಲ್ಲಿ, ನಿಮ್ಮೆಲ್ಲರ ಎದುರಿಗೆ.”

ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದ ಹಾಜಿ ಮಸ್ಕುರಿ ಮಸೀದಿ ಸಮಿತಿಯ ಹಿರಿಯರು. ಅವರು ಲೋಟ ಕೆಳಗಿಟ್ಟು, ಹಾಗಾದರೆ ಇದೂ ಇರಲಿ, ಯಾರ ಕೋಣದ ಈಲಿ ಶುದ್ಧವೋ ಮುಂದಿನ ವರ್ಷ ಎರಡೂ ಕೋಣ ಅವನ ಹತ್ತಿರವೇ ಕೊಳ್ಳುವುದು ಎಂದುಬಿಟ್ಟರು. ಸಾಗಿಮಿನ್‌ನ ಕೊಟ್ಟಿಗೆಯಲ್ಲಿ ಮುಂದಿನ ವರ್ಷದ ಕೋಣ ಆಗಲೇ ಮೇಯುತ್ತಿತ್ತು. ತಂದೆಯ ಕಾಲದಿಂದ ಮಸೀದಿಗೆ ಕೋಣ ಕೊಟ್ಟ ಮನೆ ಅದು. ಮಾತು ಬಾಯಿಂದ ಆಚೆ ಹೋಗಿಯಾಗಿತ್ತು.

ಹಬ್ಬದ ಬೆಳಿಗ್ಗೆ ಸಾಗಿಮಿನ್ ಬಿಳಿ ಅಂಗಿ, ಹೊಸ ಲುಂಗಿ, ಕಪ್ಪು ಟೋಪಿ ತೊಟ್ಟು ಹೊರಡುವಾಗ ಲಾಸಿನಾ ಬಾಗಿಲಿಗೆ ಅಡ್ಡ ನಿಂತಳು.

“ಏನೂಂದ್ರೆ, ಒಂದು ಮಾತು. ಹಬ್ಬದ ದಿನ ಮನಸ್ಸಲ್ಲಿ ಇಟ್ಕೋಬಾರ್ದು ಅಂತ ಹೇಳ್ತಿದ್ದೀನಿ. ಮಳೇಲಿ ನಿಮಗೆ ಜ್ವರ ಬಂದು ಮಲಗಿದ್ರಲ್ಲ, ಆಗ ಬೆಟ್ಟಕ್ಕೆ ಯಾರು ಹೋಗ್ತಾರೆ ಅಂತ ಕಾಲುವೆ ಹುಲ್ಲೇ ಕೊಯ್ದು ಹಾಕ್ದೆ.”

ಸಾಗಿಮಿನ್‌ಗೆ ನಿಂತ ನೆಲವೇ ಕೆಸರಾದಂತಾಯಿತು. “ಬಸವನಹುಳು ಇತ್ತಾ?”

“ಇದ್ದೇ ಇರತ್ತೆ. ಕೊಡವಿ ಹಾಕಿದ್ದೀನಿ ಬಿಡಿ.”

ಬೈಯಲು ಬಾಯಿ ತೆರೆದ. ಹಬ್ಬ ಎಂದು ಮುಚ್ಚಿದ. ಆದರೆ ಆ ಮಾತು ಕಾಲಿಗೆ ಚುಚ್ಚಿದ ಮುಳ್ಳಿನಂತೆ ಮಸೀದಿಯವರೆಗೂ ಅವನ ಜೊತೆಗೇ ನಡೆಯಿತು.

ಮಸೀದಿ ಅಂಗಳದಲ್ಲಿ ಆಗಲೇ ಪೊನಿಯೆಮ್ ಕ್ಲಿವೊನ್‌ನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದಳು. ಕಾಫಿ ಮಾರುವುದು ಅವಳ ಹೊಟ್ಟೆಪಾಡು, ಸುದ್ದಿ ಮಾರುವುದು ಅವಳ ಧರ್ಮ. ಕೋಣ ಒಂದು ಸಲ ಕೆಮ್ಮಿತು ಎಂದು ಅವಳು ಹೇಳಿದ್ದು ಬಾವಿಕಟ್ಟೆಗೆ ಬರುವ ಹೊತ್ತಿಗೆ ದವಡೆ ಊದಿದೆ ಎಂದಾಗಿತ್ತು, ಗೇಟಿನ ಹತ್ತಿರ ಬಂದಾಗ ಹೊಟ್ಟೆಯೆಲ್ಲ ನೀರು ತುಂಬಿದೆ ಎಂದಾಗಿತ್ತು. ಕೋಣ ಈದಿದೆ ಎಂದರೆ ಕರು ಕಟ್ಟು ಎನ್ನುವ ಜನ. ಎಲ್ಲರೂ ಬಂದು ದವಡೆ ಮುಟ್ಟಿ ನೋಡುವವರೇ.

ಸಾಗಿಮಿನ್ ತಡೆದುಕೊಳ್ಳಲಾಗದೆ, ರೋಗದ ಕೋಣ ಹೀಗೆ ಸಗಣಿ ಹಾಕುತ್ತದೆಯೇ ನೋಡಿ ಎಂದು ಬಾಗಿ, ಬಿಸಿಬಿಸಿ ಸಗಣಿಯನ್ನೇ ಅಂಗೈಯಲ್ಲಿ ಎತ್ತಿ ಹಾಜಿ ಮಸ್ಕುರಿಯವರ ಮೂಗಿನ ತನಕ ಹಿಡಿದ. ಸಗಣಿ ನಿಜಕ್ಕೂ ಗಟ್ಟಿಯಾಗಿಯೇ ಇತ್ತು. ಆದರೆ ಹಾಜಿಗಳು ಬೆಚ್ಚಿ ಕೈ ತಳ್ಳಿದ್ದರಿಂದ ಅದು ಅವನದೇ ಬಿಳಿ ಅಂಗಿಯ ಎದೆಯ ಮೇಲೆ ಕುಳಿತಿತು. ನಮಾಜಿಗೆ ಮೊದಲ ಸಾಲಿನಲ್ಲಿ ನಿಲ್ಲುವ ಸಾಗಿಮಿನ್ ಅಂದು ಮನೆಗೆ ಓಡಿ ಸ್ನಾನ ಮಾಡಿ ಬಂದು ಚಪ್ಪಲಿಗಳ ಪಕ್ಕ ನಿಂತ.

ನಮಾಜು ಮುಗಿಯಿತು. ಕುರ್ಬಾನಿಗೆ ಮೊದಲು ಸಾಗಿಮಿನ್ ಕ್ಲಿವೊನ್‌ನ ಹಣೆ ಸವರಿ, ಕಿವಿಯಲ್ಲಿ ಏನೋ ಹೇಳಿದ. ಆಮೇಲೆ ಅಲ್ಲಿ ನಿಲ್ಲಲಿಲ್ಲ. ಬಾವಿಯ ಹಿಂದೆ ಹೋಗಿ ಮುಖ ತೊಳೆದುಕೊಳ್ಳುತ್ತ ನಿಂತ. ಮುಖ ತೊಳೆಯಲು ಅಷ್ಟು ನೀರು ಬೇಕಿರಲಿಲ್ಲ. ದುಃಖವಾಗಿತ್ತು, ಅಷ್ಟೇ. ಸಾಕಿದವರಿಗೆಲ್ಲ ಆಗುವಂಥದ್ದೇ.

ಅವನು ಮರಳಿ ಬರುವಷ್ಟರಲ್ಲಿ ಕಸಾಯಿಯವರು ಎರಡೂ ಕೋಣಗಳ ಈಲಿಯನ್ನು ಮಾವಿನ ಮರದ ಕೆಳಗಿನ ಬಿದಿರ ಗಳುವಿಗೆ ನೇತುಹಾಕಿದ್ದರು. ಕ್ಲಿವೊನ್‌ನದಕ್ಕೆ ಕೆಂಪು ಪ್ಲಾಸ್ಟಿಕ್ ದಾರ, ದಾರ್ಸೊನೊ ಕೋಣದ್ದಕ್ಕೆ ನೀಲಿ. ಯಾವುದು ಯಾರದ್ದು ಎನ್ನಲು ಆ ದಾರ ಒಂದೇ ಗುರುತು. ಡಾಕ್ಟರಮ್ಮ ಪಕ್ಕದೂರಿನ ಮಸೀದಿ ಮುಗಿಸಿ ಬರಬೇಕಿತ್ತು. ಗಂಡಸರು ಚಾಪೆಯ ಮೇಲೆ ಮಾಂಸ ತುಂಡರಿಸುವುದರಲ್ಲಿ, ಹೆಂಗಸರು ಒಲೆ ಹೊತ್ತಿಸುವುದರಲ್ಲಿ ಮುಳುಗಿದ್ದರು.

ಮರದ ಕಡೆಯಿಂದ ದಾರ್ಸೊನೊ ಲುಂಗಿಗೆ ಕೈ ಒರೆಸಿಕೊಳ್ಳುತ್ತ ಎದುರಾದ. ಎಂದೂ ಇಲ್ಲದ ಹಾಗೆ ನಕ್ಕ. “ಚೆನ್ನಾಗಿ ಸಾಕಿದ್ದೆ ಕಣಯ್ಯ. ಒಳ್ಳೆ ಕೋಣ,” ಎಂದು ಬೆನ್ನು ತಟ್ಟಿ ಹೋದ. ಸಾಗಿಮಿನ್ ಅವನ ಬೆನ್ನನ್ನೇ ನೋಡಿದ. ಶತ್ರುವಿಗೂ ಒಂದು ಹೃದಯ ಇರುತ್ತದೆ ಎಂದುಕೊಂಡ.

ಮರದ ಕೆಳಗೆ ಬಂದು ಕೆಂಪು ದಾರದ ಈಲಿಯನ್ನು ನೋಡಿದ. ನೋಡಿದವನು ಅಲ್ಲೇ ಕುಕ್ಕರಿಸಿದ. ಮೈಮೇಲೆಲ್ಲ ಬಿಳಿ ಕಲೆ. ಒಳಗಿನ ನಾಳಗಳು ದಪ್ಪಗಾಗಿ ಬಿಳಿ ದಾರ ಹೊಲಿದಂತೆ ಉಬ್ಬಿದ್ದವು. ಹುಳ ತಿಂದ ಈಲಿ ಎಂದು ಮಗುವೂ ಹೇಳಬಹುದಿತ್ತು. ಪಕ್ಕದಲ್ಲಿ ನೀಲಿ ದಾರದ ಈಲಿ ಕಪ್ಪುಗೆಂಪಾಗಿ, ನುಣ್ಣಗೆ ಹೊಳೆಯುತ್ತಿತ್ತು.

ಲಾಸಿನಾ, ನಿನ್ನ ಕಾಲುವೆ ಹುಲ್ಲು. ಅದೊಂದೇ ಅವನ ತಲೆಯಲ್ಲಿ ಸುತ್ತಿತು. ವರ್ಷಗಟ್ಟಲೆ ಬೆಟ್ಟ ಹತ್ತಿದ್ದು ಮರೆತು, ಜ್ವರದ ಆ ದಿನಗಳನ್ನೇ ನಂಬಿದ. ಸುತ್ತ ನೋಡಿದ. ಯಾರೂ ಇತ್ತ ನೋಡುತ್ತಿರಲಿಲ್ಲ. ಕೆಂಪು ದಾರ ಎಳೆದ. ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ನೀಲಿಯೂ ಹಾಗೆಯೇ ಬಂತು. ದೇವರೇ ಕೈ ಹಿಡಿದ ಎಂದುಕೊಂಡು, ಇದರ ದಾರ ಅದಕ್ಕೆ, ಅದರ ದಾರ ಇದಕ್ಕೆ ಕಟ್ಟಿ, ಎರಡಕ್ಕೂ ಕಗ್ಗಂಟು ಬಿಗಿದು, ಏನೂ ಅರಿಯದವನಂತೆ ಈರುಳ್ಳಿ ಸುಲಿಯುವವರ ನಡುವೆ ಹೋಗಿ ಕುಳಿತ. ಕಣ್ಣೀರಿಗೆ ಅಲ್ಲಿ ಯಾರೂ ಕಾರಣ ಕೇಳುವುದಿಲ್ಲ.

ಪಾಲುಪಿ ಬಂದಳು. ಊರೆಲ್ಲ ಮರದ ಕೆಳಗೆ ನೆರೆಯಿತು. ಮೊದಲು ನೀಲಿ ದಾರದ್ದನ್ನು ಕೊಯ್ದು ಹಿಂಡಿದಳು. ನಾಳದಿಂದ ಚಪ್ಪಟೆ ಹುಳಗಳು ಒದ್ದೆ ಎಲೆಗಳ ಹಾಗೆ ಒಂದರ ಹಿಂದೊಂದು ಜಾರಿ ಬಂದವು. ದಾರ್ಸೊನೊ ಬಾಯಿ ತೆರೆದವನು ಮುಚ್ಚಲಿಲ್ಲ. ದಾರ ನೋಡಿದ, ಈಲಿ ನೋಡಿದ, ಸಾಗಿಮಿನ್‌ನನ್ನು ನೋಡಿದ. ಕೆಂಪು ದಾರದ್ದನ್ನು ಕೊಯ್ದರೆ ಒಂದು ಹುಳ ಇಲ್ಲ, ಒಂದು ಕಲೆ ಇಲ್ಲ. ಈ ಹಬ್ಬದಲ್ಲಿ ಇಂಥ ಈಲಿ ನೋಡಿರಲಿಲ್ಲ, ಏನು ಹಾಕಿ ಸಾಕಿದಿರಿ ಎಂದು ಪಾಲುಪಿ ಕೇಳಿದಳು. ಸಾಗಿಮಿನ್ ಉತ್ತರ ಕೊಡುವ ಮೊದಲೇ ಊರವರು ಅವನನ್ನು ಹೆಗಲಿಗೇರಿಸಿದ್ದರು. ಬೆಳಿಗ್ಗೆ ದವಡೆ ಮುಟ್ಟಿ ನೋಡಿದ ಕೈಗಳೇ ಅವು.

ಹುಳ ಹಿಡಿದ ಈಲಿಯನ್ನು ಸುಣ್ಣ ಹಾಕಿ ಹೂತರು. ಗೆದ್ದ ಈಲಿ ಕೆಂಡದ ಮೇಲೆ ಏರಿತು. ಪೊನಿಯೆಮ್ ಮೊಮ್ಮಗನ ಜಂತಿನ ಔಷಧದ ಬಾಟ್ಲಿ ತಂದು, ಹುಳ ಸಿಕ್ಕವರು ಕುಡಿಯಬೇಕು ಎಂಬುದು ಮಾತು, ನಿನ್ನ ಕೋಣದಲ್ಲಿ ಸಿಕ್ಕಿದೆ ಎಂದು ದಾರ್ಸೊನೊ ಮುಂದೆ ಇಟ್ಟಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪಂದ್ಯ ಕಟ್ಟಿದ್ದು ಅವನಲ್ಲವಲ್ಲ ಎಂದು ಯಾರೂ ಹೇಳಲಿಲ್ಲ. ದಾರ್ಸೊನೊ ಕೂಡ ಎದುರಾಡಲಿಲ್ಲ. ತಲೆ ತಗ್ಗಿಸಿ ಚಮಚ ಹಿಡಿದ.

ಆ ತಗ್ಗಿದ ತಲೆಯೇ ಸಾಗಿಮಿನ್‌ನನ್ನು ಕೊಂದಿತು. ಅವನ ಮುಂದೆ ಕಡ್ಡಿಗೆ ಚುಚ್ಚಿ ಸುಟ್ಟ ಸತೆಯ ತಟ್ಟೆ ಬಂದಿತ್ತು. ಬೆಲ್ಲದ ಪಾಕದಲ್ಲಿ ಮಿಂದು ಹೊಗೆಯಾಡುವ ಈಲಿಯ ತುಂಡುಗಳು, ಮೊದಲ ಕಡ್ಡಿ ಗೆದ್ದವನಿಗೆ. ಮಸೀದಿಯ ಮೈಕಿನಲ್ಲಿ ದೇವರು ದೊಡ್ಡವನು ಎಂಬ ತಕ್ಬೀರ್ ಮೊಳಗುತ್ತಿತ್ತು. ಕಡ್ಡಿ ಬಾಯಿಯ ಹತ್ತಿರ ಹೋಗಿ ನಿಂತಿತು. ಅವನು ಎದ್ದ.

“ದಾರ್ಸೊನೊ, ಚಮಚ ಕೆಳಗಿಡು. ಆ ಒಳ್ಳೆ ಈಲಿ ನನ್ನ ಕೋಣಂದಲ್ಲ. ದಾರ ಬದಲಾಯಿಸಿದವನು ನಾನು.”

ಸಾಗಿಮಿನ್ ಎದೆ ಸೆಟೆಸಿದ. “ಎಲ್ಲರೂ ನೋಡ್ಕೊಳ್ಳಿ. ಕದ್ದ ಗೆಲುವು ನನ್ನ ಗಂಟಲಲ್ಲಿ ಇಳಿಯಲ್ಲ. ನಾನು ಹಠಮಾರಿ, ಕಳ್ಳ ಅಲ್ಲ. ತಾ ಪೊನಿಯೆಮಕ್ಕ, ಎಲ್ಲಿ ಆ ಬಾಟ್ಲಿ.”

ಹಾಜಿ ಮಸ್ಕುರಿ ದಾರ್ಸೊನೊ ಕಡೆ ತಿರುಗಿ, ನೀನೇನು ಹೇಳುತ್ತೀ ಎಂದು ಕೇಳಿದರು. ದಾರ್ಸೊನೊ ತನ್ನ ಕಾಲ್ಬೆರಳನ್ನೇ ನೋಡಿದ.

“ನಾನೇನು ಹೇಳ್ಲಿ ಹಾಜಿಗಳೇ. ಮೇಲೆ ಇರೋನು ಎಲ್ಲಾ ನೋಡ್ತಿರ್ತಾನೆ.”

ಎಂಥ ದೊಡ್ಡ ಮನಸ್ಸು ಎಂದು ಹೆಂಗಸರು ಕಣ್ಣೊರೆಸಿಕೊಂಡರು.

ಮಕ್ಕಳ ಔಷಧ, ದೊಡ್ಡವರು ಕುಡಿದರೆ ತೊಂದರೆಯಿಲ್ಲ ಎಂದಳು ಪಾಲುಪಿ. ಊರಿನ ಮಕ್ಕಳೆಲ್ಲ ಸಾಲಾಗಿ ಕೂತು ನೋಡಿದರು. ಸಾಗಿಮಿನ್ ಕಣ್ಣು ಮುಚ್ಚದೆ, ಮುಖ ಕಿವುಚದೆ ಕುಡಿದು, ಚಮಚವನ್ನು ನೆಕ್ಕಿ ವಾಪಸು ಕೊಟ್ಟ. ಕಿತ್ತಳೆ ಹಣ್ಣಿನ ರುಚಿ ಇತ್ತು. ಮುಂದಿನ ವರ್ಷ ಎರಡೂ ಕೋಣ ದಾರ್ಸೊನೊ ಕೊಡುವುದು ಎಂದು ಹಾಜಿಗಳು ಸಾರಿದರು. ಸಾಗಿಮಿನ್ ತಲೆ ಎತ್ತಿಕೊಂಡೇ ಮನೆಗೆ ನಡೆದ. ಸೋತಿದ್ದ, ಆದರೆ ಮುಳ್ಳು ಹೋಗಿತ್ತು.

ಊಟದ ಹೊತ್ತು ಮೀರಿದ ಮೇಲೆ ದಾರ್ಸೊನೊ ಒಂದು ಬಿದಿರಿನ ಬುಟ್ಟಿ ಹಿಡಿದು ಬಂದ. ಈಲಿಯ ಒಳ್ಳೆಯ ಭಾಗ, ನೀನೇ ತಿನ್ನಬೇಕು ಎಂದು ಜಗಲಿಯ ಮೇಲಿಟ್ಟು, ಮುಖ ಕೊಟ್ಟು ಮಾತಾಡದೆ, ನೀರೂ ಕುಡಿಯದೆ ಹೊರಟೇಬಿಟ್ಟ. ತೆಗೆದು ನೋಡಿ ಎಂದಳು ಲಾಸಿನಾ. ಬುಟ್ಟಿಗೆ ನೀಲಿ ದಾರ ಕಟ್ಟಿತ್ತು. ಸಾಗಿಮಿನ್ ತುದಿ ಹಿಡಿದು ಎಳೆದ. ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು.

ಅವನು ಕೈಯಲ್ಲಿ ಜೋಲುವ ದಾರವನ್ನು ನೋಡುತ್ತ ಕುಳಿತ. ಕಸಾಯಿಯವನು ಗಂಟು ಹಾಕಿದರೆ ಚಾಕು ಬೇಕು. ಎಳೆದರೆ ಬಿಚ್ಚುವ ಗಂಟು ಊರಲ್ಲಿ ಒಬ್ಬನದೇ. ಆ ಗಂಟು ಬೆಳಿಗ್ಗೆ ಮಾವಿನ ಮರದ ಕೆಳಗೆ, ಎರಡೂ ಈಲಿಯ ಮೇಲೆ, ತಾನು ಹೋಗುವ ಮೊದಲೇ ಇತ್ತು.

“ಲಾಸಿನಾ, ಆ ನನ್ಮಗ ಮೊದಲೇ ಬದಲಾಯಿಸಿದ್ದ ಕಣೇ. ನಾನು ಮಾಡಿದ್ದು ಮೋಸ ಅಲ್ಲ. ಗೊತ್ತಿಲ್ದೆ ಸರಿ ಮಾಡಿದ್ದು.”

“ಹಾಗಾದ್ರೆ ನಮ್ಮ ಕ್ಲಿವೊನ್‌ಗೆ?”

“ಒಂದು ಹುಳ ಇರ್ಲಿಲ್ಲ.” ಅವನು ದಾರವನ್ನು ಮುಷ್ಟಿಗೆ ಸುತ್ತಿಕೊಂಡ. “ನೀನು ಚೆನ್ನಾಗೇ ಕೊಡವಿ ಹಾಕಿದ್ದೆ.”

ದಾರ ಹಿಡಿದು ಮಸೀದಿಗೆ ಓಡಿದ. ಅಂಗಳ ತೊಳೆಯುತ್ತಿದ್ದವರೆಲ್ಲ ನಿಂತರು. ನೀರಿನ ಪೈಪು ಹಿಡಿದಿದ್ದ ದಾರ್ಸೊನೊ ನೀರನ್ನು ಒಂದೇ ಜಾಗಕ್ಕೆ ಬಿಡುತ್ತ ನಿಂತ.

“ಆ ಈಲಿ ನಂದೇ,” ಎಂದ ಸಾಗಿಮಿನ್ ಏದುಸಿರು ಬಿಡುತ್ತ. “ನನಗಿಂತ ಮೊದಲು ಅವನು ಬದಲಾಯಿಸಿದ್ದ. ಗಂಟು ನೋಡಿ.”

ಹಾಜಿ ಮಸ್ಕುರಿ ದಾರವನ್ನು ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಬಿಚ್ಚಿದ ದಾರದಲ್ಲಿ ಎಲ್ಲಿಯ ಗಂಟು? ಹುಳದ ಈಲಿ ಸುಣ್ಣದಲ್ಲಿತ್ತು, ಒಳ್ಳೆಯ ಈಲಿ ಊರಿನ ಹೊಟ್ಟೆಯಲ್ಲಿತ್ತು.

“ಬೆಳಿಗ್ಗೆ ನಂದು ಅಂದೆ. ಮಧ್ಯಾಹ್ನ ನಂದಲ್ಲ ಅಂದೆ. ಈಗ ಮತ್ತೆ ನಂದು ಅಂತೀಯ,” ಎಂದರು ಹಾಜಿಗಳು, ಮೆತ್ತಗೆ, ಕಾಯಿಲೆಯವರ ಜೊತೆ ಮಾತಾಡುವ ದನಿಯಲ್ಲಿ.

“ಊರೇ ಬಂದು ಕೂತ್ರೂ ಹೇಳ್ತೀನಿ. ನನ್ನ ಕೋಣಕ್ಕೆ ಹುಳ ಇರ್ಲಿಲ್ಲ. ಸಾಯೋವರೆಗೂ ಹೇಳ್ತೀನಿ.”

ಹಾಜಿಗಳು ಅವನ ಹೆಗಲ ಮೇಲೆ ಕೈಯಿಟ್ಟು, ಹಿಂದಕ್ಕೆ ತಿರುಗಿ ಕೇಳಿದರು. “ಪೊನಿಯೆಮ್, ಆ ಔಷಧ ಇನ್ನೂ ಉಳಿದಿದೆಯೇನಮ್ಮ?”

“ಇದೆ ಹಾಜಿಗಳೇ,” ಎಂದಳು ಪೊನಿಯೆಮ್, ಆಗಲೇ ಚಮಚ ಒರೆಸುತ್ತ. “ಅರ್ಧ ಬಾಟ್ಲಿ ಇದೆ.”